ಕತ್ತಿ ಅದ್ದಿ ನೋಡಬೇಕು ತಂಗಿ

ತಂಗಿ, ದೊಡ್ಡಪ್ಪ ಮಾತಾಡುತ್ತಿದ್ದೇನೆ. ಹಂಚಿನ ಮೇಲೆ ಮಳೆ ಜೋರಾಗಿದೆ, ದನಿ ಕೇಳದಿದ್ದರೆ ಇನ್ನೊಮ್ಮೆ ಹಾಕಿಕೊಂಡು ಕೇಳು. ನಮ್ಮ ಹುಡುಗ, ಮಾಣಿ, ಬೆಳಿಗ್ಗೆ 8ಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತರೆ ರಾತ್ರಿ 11ಕ್ಕೂ ಏಳುವುದಿಲ್ಲ, ಆದರೂ ಒಂದು ಕೆಲಸವೂ ಮುಗಿಯಲಿಲ್ಲ ಅಂತ ಕೊರಗುತ್ತಾನೆ, ಹೆದರಿಕೆ ಆಗುತ್ತದೆ ಅಂತ ಬರೆದಿದ್ದೀಯಲ್ಲ. ಓದಿದ ಕೂಡಲೇ ನನಗೆ ಹೊಳೆಯಾಚೆ ಅಡಿಕೆ ತೋಟ ನೆನಪಾಯಿತು.

ಆ ವರ್ಷದ್ದು ನಿಮಗೆಲ್ಲ ಗೊತ್ತೇ ಇದೆ. ಅಪ್ಪಯ್ಯ ಹೋದ ಮೇಲೆ ಎರಡನೇ ಮಳೆಗಾಲ. ನಮ್ಮ ತೋಟ ಸಾಲದು ಅಂತ ಕೆಳಗಿನ ಮನೆಯದನ್ನೂ ಗುತ್ತಿಗೆ ಹಿಡಿದಿದ್ದೆ. ಮೇಲಿಂದ ಊರಿನ ಕಮಿಟಿ, ಭಾವನ ಮನೆ ಮದುವೆ ಓಡಾಟ. ಯಾರು ಕರೆದರೂ ಹೂಂ ಅನ್ನುತ್ತಿದ್ದೆ. ಎಳೆಕಾಯಿ ಉದುರಿಸುವ ಕೊಳೆ ರೋಗಕ್ಕೆ ಮಳೆಗೆ ಮುಂಚೆ ಹೊಡೆಯಬೇಕಾದ ಔಷಧಿ ಹಾಗೇ ಉಳಿಯಿತು. ಮಳೆ ಹಿಡಿದುಕೊಂಡಿತು. ಒಂದು ದಿನ ಮಳೆ ಬಿಟ್ಟು ಹೊಳವಾಯಿತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಆಗಲೇ ಮರದ ಮೇಲೆ. ಅಂಗಳದಲ್ಲಿ ಕಮಿಟಿಯವರು ಕಾಯುತ್ತ ನಿಂತಿದ್ದಾರೆ.

ಆ ಔಷಧಿ ಅಂದರೆ ಬೋರ್ಡೋ ದ್ರಾವಣ, ಅದು ಅವಸರದ ಕೆಲಸ ಅಲ್ಲ. 1 ಕಿಲೋ ಮೈಲುತುತ್ತ 50 ಲೀಟರ್ ನೀರಿಗೆ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತ ತಿರುವಬೇಕು. ಆಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡಬೇಕು. ಅದಕ್ಕೆ ಕೆಂಪು ಹತ್ತಿದರೆ ಸುಣ್ಣ ಸಾಲಲಿಲ್ಲ, ತುತ್ತದ ಹುಳಿ ಉಳಿದಿದೆ ಅಂತ ಅರ್ಥ. ನಾನು ಎರಡನ್ನೂ ಒಟ್ಟಿಗೆ ಸುರಿದೆ, ಕತ್ತಿ ಅದ್ದಲಿಲ್ಲ. ಒಂದು ನಿಮಿಷದ ಕೆಲಸ ತಂಗಿ! ಸುಣ್ಣವೂ ಹಳೆಯದು, ಸತ್ವ ಹೋಗಿತ್ತು. ನಾಲ್ಕು ದಿನಕ್ಕೆ ಎಳೆಕಾಯಿ ಸುಟ್ಟ ಹಾಗೆ ಕಪ್ಪಾದವು. ಉಳಿದದ್ದಕ್ಕೆ ಕೊಳೆ ಬಂತು. ಬೆಳಿಗ್ಗೆ ಎದ್ದು ಹೋದರೆ ಮರದ ಬುಡದಲ್ಲಿ ಹಸಿರು ಕಾಯಿ ಹಾಸಿ ಬಿದ್ದಿರುತ್ತಿತ್ತು. ಕಾಲಿಡಲು ಜಾಗ ಇಲ್ಲ. ನಿನ್ನ ದೊಡ್ಡಮ್ಮ ಹೆಡಿಗೆ ಹಿಡಿದು ಸುಮ್ನೆ ನಿಂತಿದ್ದಳು. ಆ ವರ್ಷ ನಾನು ಒಂದು ದಿನವೂ ಕೂತಿರಲಿಲ್ಲ. ಅಟ್ಟಕ್ಕೆ ಏರಿದ್ದು ಮಾತ್ರ ಕಾಲು ಭಾಗದ ಅಡಿಕೆ.

ಅದಕ್ಕೇ ಮಾಣಿಗೆ ಹೇಳು, ಕತ್ತಿ ಅದ್ದಿ ನೋಡದೆ ಔಷಧಿಯನ್ನು ಮರದ ಮೇಲೆ ಕಳಿಸಬಾರದು.

ಯಾರ ಕೆಲಸಕ್ಕೆ ಓಡಿದೆನೋ ಆ ಕಮಿಟಿಯವರಲ್ಲಿ ಒಬ್ಬರೂ ತೋಟಕ್ಕೆ ಬಂದು ನೋಡಲಿಲ್ಲ. ಅದು ಈಗಲೂ ಎದೆಯಲ್ಲಿದೆ. ಹಿಂದೆ ಹಾಗಿರಲಿಲ್ಲ. ಸುಗ್ಗಿಯಲ್ಲಿ ಇವತ್ತು ನಮ್ಮ ಮನೆ, ನಾಳೆ ಅವರ ಮನೆ ಅಂತ ರಾತ್ರಿ ಕೂತು ಅಡಿಕೆ ಸುಲಿಯುತ್ತಿದ್ದೆವು. ಕೈ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ಯಾರ ಮನೆಯಲ್ಲಿ ಏನು ಕಷ್ಟ ಅಂತ ಅಲ್ಲೇ ಗೊತ್ತಾಗುತ್ತಿತ್ತು. ಈಗ ಸುಲಿಯುವ ಮಷೀನ್ ಇದೆ, ಬೇಡ ಅನ್ನುವುದಿಲ್ಲ. ಆದರೆ ಉಳಿದ ಹೊತ್ತು ಎಲ್ಲಿಗೆ ಹೋಯಿತು? ನೀವೆಲ್ಲ ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆಗೆ ಬರುತ್ತೀರಿ, ರಾತ್ರಿ ಬಸ್ಸಿಗೇ ಹೊರಡುತ್ತೀರಿ. ತೋಟದ ದಣಪೆ ದಾಟಿ ಒಳಗೆ ಬಂದವರು ಯಾರು ಹೇಳಿ? ಬೇಜಾರಾಗುತ್ತದೆ, ಅಲ್ವಾ?

ಇರಲಿ. ಕತ್ತಿ ಅದ್ದದೆ ಮೇಲೆ ಕಳಿಸಬಾರದು, ಇದೊಂದನ್ನು ಮತ್ತೆ ಹೇಳುತ್ತೇನೆ.

ಹಾಂ, ನೀನು ಕೇಳಿದ್ದು ಏನು ಮಾಡಲಿ ಅಂತ. ಬೆಳಿಗ್ಗೆ ಆಸ್ರಿ, ತಿಂಡಿ ಆದ ಮೇಲೆ ಎರಡು ತಾಸು ಅವನ ಫೋನು ನಿನ್ನ ಹತ್ತಿರ ಇರಲಿ. ಆ ದಿನದ ದೊಡ್ಡ ಕೆಲಸ ಯಾವುದೋ ಅದೊಂದೇ ಮಾಡಲಿ, ಮುಗಿಸಿ ಇನ್ನೊಮ್ಮೆ ನೋಡಲಿ, ಆಮೇಲೆ ಕಳಿಸಲಿ. ಹೊಸ ಕೆಲಸ ಬಂದರೆ ನಾಳೆ ಹೇಳುತ್ತೇನೆ ಅನ್ನಲಿ. ದೀಪ ಹಚ್ಚುವ ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಿಸು.

ಮತ್ತೆ, ಈ ವಾರ ಹೊಳವಾದರೆ ಎರಡನೇ ಔಷಧಿ ಹೊಡೆಸುವುದಿದೆ. ಮಾಣಿಯನ್ನು ಎರಡು ದಿನ ಕಳಿಸು. ಕತ್ತಿ ಅದ್ದಿ ನೋಡುವ ಕೆಲಸ ಅವನಿಗೇ. ದೊಡ್ಡಮ್ಮ ಪತ್ರೊಡೆ ಮಾಡುತ್ತಾಳಂತೆ.