ಆಟಗಾರರ ‘ಟ್ರೇಡ್’ಗೆ ಕನ್ನಡದಲ್ಲಿ ಏನನ್ನೋಣ? ಶನಿವಾರದೊಳಗೆ ಬೇಕು

ವರ್ಜೀನಿಯಾದಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಈ ಸಲ ಅವರು ತಮ್ಮ ಬೇಸ್‌ಬಾಲ್ ತಂಡ ವಾಷಿಂಗ್ಟನ್ ನ್ಯಾಷನಲ್ಸ್ ಬಗ್ಗೆ ಗೋಡೆಗೆ ಅಂಟಿಸುವ ದೊಡ್ಡ ಹಾಳೆ ಮಾಡುತ್ತಿದ್ದಾರೆ. ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇವೆ.

ವಿಷಯ ಇದು. 2019ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್‌ನ ಫೈನಲ್ ಸರಣಿ, ಗೆದ್ದ ತಂಡ 2021ರ ಜುಲೈ ಕೊನೆಗೆ ಸೋತು ಸುಣ್ಣವಾಗಿತ್ತು. ಗೆಲ್ಲಿಸಿಕೊಟ್ಟ ಹಳಬರನ್ನು ಇಟ್ಟುಕೊಳ್ಳುವುದಾ, ಬೇರೆ ತಂಡಕ್ಕೆ ಕೊಟ್ಟು ಎಳೆಯ ಹುಡುಗರನ್ನು ತರುವುದಾ? ಹೀಗೆ ಕೊಟ್ಟು ತರುವುದಕ್ಕೇ ಅಲ್ಲಿ ಟ್ರೇಡ್ ಅನ್ನುತ್ತಾರೆ. ಜುಲೈ 30ರ ಸಂಜೆ 4ಕ್ಕೆ ಗಡುವು. ಅಷ್ಟರಲ್ಲಿ ಎಂಟು ಜನರನ್ನು ಕೊಟ್ಟೇಬಿಟ್ಟರು. ಪಿಚರ್ (ಚೆಂಡು ಎಸೆಯುವವನು) ಮ್ಯಾಕ್ಸ್ ಶರ್ಜರ್‌ಗೆ ಆಗಷ್ಟೇ 37 ತುಂಬಿತ್ತು. ಅವನೂ ಟ್ರೇ ಟರ್ನರ್ ಕೂಡ ಲಾಸ್ ಏಂಜಲಿಸ್ ಡಾಜರ್ಸ್‌ಗೆ ಹೋದರು. ಬದಲಿಗೆ ಕೀಬರ್ಟ್ ರುಯೀಜ್, ಜೊಸಾಯ ಗ್ರೇ ಸೇರಿ ನಾಲ್ವರು ಬಂದರು.

ಒಬ್ಬಳು ಹುಡುಗಿ ನಿಘಂಟು ನೋಡಿ ‘ಶರ್ಜರ್‌ನನ್ನು ವ್ಯಾಪಾರ ಮಾಡಿದರು’ ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದಾಳೆ. ಓದಿದರೆ ಏನೋ ಕಸಿವಿಸಿ. ಅದರ ಮೇಲೆ ಬಣ್ಣ ಹಚ್ಚುವ ಮೊದಲು ಸರಿಯಾದ ಪದ ಬೇಕು. ‘ಹಳಬರು’ ಅನ್ನುವುದಕ್ಕೂ ಒಳ್ಳೆಯದು ಇದ್ದರೆ ಹೇಳಿ.

ಮೈಸೂರಿನಿಂದ:

ವಿನಿಮಯ. ‘ಹಿರಿಯ ಆಟಗಾರರ ವಿನಿಮಯ’ ಅಂತ ಬರೆಸಿ. ಇದಕ್ಕೆ ಚರ್ಚೆ ಬೇಕಿಲ್ಲ.

ಶಿವಮೊಗ್ಗದಿಂದ:

ಬೇಕು. ವಿನಿಮಯ ಅನ್ನುವುದು ಬ್ಯಾಂಕಿನ ಬೋರ್ಡಿನ ಮಾತು. ಮಕ್ಕಳ ಬಾಯಲ್ಲಿ ಅದು ನಿಲ್ಲುವುದಿಲ್ಲ.

ನಮ್ಮದೇ ‘ಮಾರು’ ಇದೆ. ಈಗ ದುಡ್ಡು ತಗೊಂಡು ಕೊಡುವುದು ಅನ್ನುವ ಅರ್ಥವೇ ಮುಂದೆ ನಿಂತಿದೆ. ಹಳಗನ್ನಡದ ರೂಪ ನೋಡಿ: ಮಾಱು, ಶಕಟರೇಫದ್ದು, ಅಂದರೆ ಈಗ ಬಳಕೆ ತಪ್ಪಿದ ಱ ಅಕ್ಷರದ್ದು. ಒಂದರ ಎದುರಿಗೆ ಇನ್ನೊಂದು, ಒಂದರ ಜಾಗಕ್ಕೆ ಇನ್ನೊಂದು ಅನ್ನುವ ಅರ್ಥ ಅದರಲ್ಲಿದೆ. ಮಾರ್ನುಡಿ, ಮಾರ್ದನಿ, ಮಾರುತ್ತರ, ಮಾರ್ಪಾಡು ಎಲ್ಲದರಲ್ಲೂ ಇರುವುದು ಅದೇ. ತಮಿಳಿನಲ್ಲಿ ಇವತ್ತಿಗೂ ಮಾಱು ಅಂದರೆ ಬದಲಾಗು. ಹಾಗಾಗಿ ‘ಆಟಗಾರರ ಮಾರುಕೊಡೆ’ ಅನ್ನಿ. ಕೊಟ್ಟದ್ದಕ್ಕೆ ಎದುರಾಗಿ ಪಡೆದದ್ದು ಅಂತ ಅರ್ಥ ತಾನಾಗಿ ಬರುತ್ತದೆ.

ಯಾರಾದರೂ ‘ಅದಲು ಬದಲು’ ಅನ್ನುವ ಮೊದಲೇ ಹೇಳುತ್ತೇನೆ, ಬದಲು ಅರಬ್ಬಿಯಿಂದ ಬಂದದ್ದು.

ದೊಡ್ಡಬಳ್ಳಾಪುರದಿಂದ:

ಬಂದರೆ ಏನಾಯ್ತು ಸಾರ್? ತಾರೀಖು, ಅರ್ಜಿ, ಕರಾರು, ವಾಯಿದೆ ಎಲ್ಲ ಅಲ್ಲಿಂದಲೇ ಬಂದವು. ತಾಲ್ಲೂಕು ಕಚೇರಿಯಲ್ಲಿ ರೈತ ಖಾತೆ ಬದಲಾವಣೆ ಅಂತಾನೆ. ಖಾತೆ ಮಾರ್ಪಾಡು ಅಂದರೆ ಅಲ್ಲಿ ಯಾರಿಗೂ ಗೊತ್ತಾಗಲ್ಲ.

ಆದರೆ ‘ಮಾರು’ ಬೇಡ ಅನ್ನುವುದಕ್ಕೆ ನನ್ನ ಕಾರಣ ಬೇರೆ. ನಮ್ಮ ತಂದೆ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಒಂದು ವರ್ಷ ಬಾಯ್ಗೂಡಿದ ಜೋಡಿ ಕೊಟ್ಟು, ಎರಡು ಹಲ್ಲಿನ ಹೋರಿ ಜೋಡಿ ತಂದರು. ದಲ್ಲಾಳಿ ತುಟಿ ಎತ್ತಿ ಹಲ್ಲು ತೋರಿಸಿದ. ಟವೆಲ್ ಕೆಳಗೆ ಬೆರಳು ಹಿಡಿದು ಲೆಕ್ಕ ಆಯ್ತು. ಮೇಲೆ ಇಷ್ಟು ದುಡ್ಡು ಅಂತ ನಾವೇ ಕೊಟ್ಟೆವು. ಹಳೆ ಜೋಡಿ ತಿರುಗಿ ನೋಡುತ್ತಾ ಹೋಯ್ತು. ವಯಸ್ಸಾದದ್ದು ಕೊಟ್ಟು ಎಳೆಯದು ತರುವ ಈ ಲೆಕ್ಕ ಬೇಸ್‌ಬಾಲ್‌ನದ್ದೂ ಹೌದು. ಅದಕ್ಕೇ ‘ಮಾರು’ ಅನ್ನುವ ಮಾತನ್ನು ಮನುಷ್ಯರ ಮೇಲೆ ಹಾಕಬಾರದು ಅಂತೀನಿ.

ಈ ಜಗಳ ಆ ಆಟದಲ್ಲೇ ಆಗಿಹೋಗಿದೆ. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನವರು ಕರ್ಟ್ ಫ್ಲಡ್‌ನನ್ನು ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟರು. ಹನ್ನೆರಡು ವರ್ಷ ಕಾರ್ಡಿನಲ್ಸ್‌ಗೇ ಆಡಿದವನು. ಅವನು ಒಪ್ಪಲಿಲ್ಲ. ನನ್ನ ಇಷ್ಟ ಕೇಳದೆ ಕೊಂಡು ಮಾರಲು ನಾನೇನು ಸೊತ್ತಲ್ಲ ಅಂತ ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್‌ಗೆ ಪತ್ರ ಬರೆದ. ಸುಪ್ರೀಂ ಕೋರ್ಟಿನವರೆಗೂ ಹೋಗಿ 1972ರಲ್ಲಿ 5-3ರಿಂದ ಸೋತ. ಮರುವರ್ಷ ನಿಯಮ ಬಂತು: ದೊಡ್ಡ ಲೀಗಿನಲ್ಲಿ ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನನ್ನು ಅವನ ಒಪ್ಪಿಗೆ ಇಲ್ಲದೆ ಕಳಿಸುವ ಹಾಗಿಲ್ಲ. ಶರ್ಜರ್‌ಗೂ ಆ ಹಕ್ಕಿತ್ತು. ಅವನು ಹೂಂ ಅನ್ನದಿದ್ದರೆ ಡಾಜರ್ಸ್‌ಗೆ ಹೋಗುತ್ತಿರಲಿಲ್ಲ. ಕೈ ಬದಲಾಗುವುದು ಕರಾರು, ಮನುಷ್ಯ ಅಲ್ಲ. ‘ಮಾರುಕೊಡೆ’ಯ ಬೇರು ಎಷ್ಟೇ ಹಳೆಯದಿರಲಿ, ಓದುವ ಮಗುವಿಗೆ ಕೇಳಿಸುವುದು ಮಾರಾಟವೇ.

ಮೈಸೂರಿನವರ ವಿನಿಮಯವೂ ಎಲ್ಲ ಕಡೆ ಕೂರಲ್ಲ. 2023ರ ನವೆಂಬರ್‌ನಲ್ಲಿ ಐಪಿಎಲ್‌ನಲ್ಲಿ ನಮ್ಮ ದೇವದತ್ತ ಪಡಿಕ್ಕಲ್ ರಾಜಸ್ಥಾನದಿಂದ ಲಖನೌಗೆ ಹೋದರು, ಅಲ್ಲಿಂದ ಆವೇಶ್ ಖಾನ್ ರಾಜಸ್ಥಾನಕ್ಕೆ ಬಂದರು. ಇದು ವಿನಿಮಯ, ಸರಿ. ಅದೇ ತಿಂಗಳು ಕ್ಯಾಮರಾನ್ ಗ್ರೀನ್ ಮುಂಬೈಯಿಂದ ಆರ್‌ಸಿಬಿಗೆ ಬಂದರು. ಬದಲಿಗೆ ಯಾರೂ ಹೋಗಲಿಲ್ಲ, ಬರೀ ದುಡ್ಡು. ಎರಡನ್ನೂ ಜನ ಟ್ರೇಡ್ ಅಂತಲೇ ಅಂದರು.

ಹೆಸರು ಬೇಕಾದ ಕಡೆ ಟ್ರೇಡ್ ಅಂತಲೇ ಇಡಿ ಮೇಡಂ. ವಾಕ್ಯದಲ್ಲಿ ಕ್ರಿಯಾಪದ ಹಿಡಿಯಿರಿ, ಕನ್ನಡಕ್ಕೆ ಅದೇ ಸಲೀಸು. ಬಿಟ್ಟುಕೊಡು, ಉಳಿಸಿಕೋ. ‘ಬಿಟ್ಟುಕೊಡು’ ಅಂದಾಗ ಕೊಡುವವರಿಗೂ ಮನಸ್ಸಿಲ್ಲ ಅನ್ನುವುದು ಸೇರಿಯೇ ಬರುತ್ತದೆ.

ಶಿವಮೊಗ್ಗದಿಂದ:

ಹೀಗೇ ಒಂದೊಂದೇ ಪದ ಬಿಟ್ಟುಕೊಟ್ಟು ಕೂತರೆ ಆಯ್ತು. ಇವತ್ತು ಟ್ರೇಡ್, ನಾಳೆ ಗಡುವು ಹೋಗಿ ಡೆಡ್‌ಲೈನ್. ಬ್ಯಾಟ್ಸ್‌ಮನ್‌ಗೆ ‘ದಾಂಡಿಗ’ ಅನ್ನುವುದನ್ನು ಮೊದಲು ಯಾರು ಒಪ್ಪಿದ್ದರು? ಈಗ ಪತ್ರಿಕೆಯಲ್ಲಿ ಇಲ್ವಾ? ಹತ್ತು ಸಲ ಬಳಸಿದರೆ ಮಾರುಕೊಡೆಯೂ ಕಿವಿಗೆ ಒಗ್ಗುತ್ತದೆ. ಬಳಸುವ ಮೊದಲೇ ಬೇಡ ಅನ್ನುವವರ ಜೊತೆ ನನಗೆ ವಾದವಿಲ್ಲ.

ದೊಡ್ಡಬಳ್ಳಾಪುರದಿಂದ:

ದಾಂಡಿಗ ಪತ್ರಿಕೆಯಲ್ಲಿದ್ದಾನೆ, ಮೈದಾನದಲ್ಲಿಲ್ಲ. ಗಡುವು ಯಾರೂ ಬಿಡುತ್ತಿಲ್ಲ, ಮೇಡಂ ಅವರೇ ಬರೆದಿದ್ದಾರೆ ನೋಡಿ. ಇರುವ ಪದ ಬಿಡಬಾರದು, ಅದಕ್ಕೆ ನಾನೂ ಸೈ. ಇಲ್ಲದ ಪದವನ್ನು ಮಕ್ಕಳ ತಲೆಗೆ ಕಟ್ಟುವುದು ಬೇಡ.

ಮೈಸೂರಿನಿಂದ:

ಗ್ರೀನ್ ವಿಷಯ ಒಪ್ಪಿದೆ. ವಿನಿಮಯ ವಾಪಸ್ ತಗೊಂಡೆ. ಹಳಬರಿಗೆ ‘ಅನುಭವಿ’ ಅನ್ನಬೇಡಿ, ಸಪ್ಪೆ. ‘ಹಳೆ ಹುಲಿ’ ಇದೆಯಲ್ಲ.

ವರ್ಜೀನಿಯಾದಿಂದ:

ಎಲ್ಲರಿಗೂ ಥ್ಯಾಂಕ್ಸ್. ಹಾಳೆ ಮುಗಿಯಿತು. ತಲೆಬರಹ: ‘ಹಳೆ ಹುಲಿಗಳನ್ನು ಬಿಟ್ಟುಕೊಡಬೇಕೋ, ಉಳಿಸಿಕೊಳ್ಳಬೇಕೋ?’ ಆ ಹುಡುಗಿ ತನ್ನ ಸಾಲು ಅಳಿಸಿ, ‘ಶರ್ಜರ್‌ನನ್ನು ಕೊಟ್ಟು ರುಯೀಜ್‌ನನ್ನು ತಂದರು’ ಅಂತ ತಾನೇ ಬರೆದಳು, ನಾನು ಹೇಳಿಕೊಡಲಿಲ್ಲ. ಕರ್ಟ್ ಫ್ಲಡ್‌ಗೆ ಒಂದು ಚೌಕ ಬಿಟ್ಟಿದ್ದೇವೆ.

ಶಿವಮೊಗ್ಗದ ಸಾರ್, ಕೆಳಗಿನ ಮೂಲೆಯಲ್ಲಿ ಮಾಱು, ಮಾರ್ನುಡಿ, ಮಾರ್ದನಿ ಮೂರನ್ನೂ ಬರೆಸಿದ್ದೇನೆ. ಱ ಬರೆಯುವುದು ಮಕ್ಕಳಿಗೆ ಬಹಳ ಇಷ್ಟವಾಯ್ತು. ಇನ್ನೊಂದು ಹಾಳೆ ತುಂಬಾ ಅದನ್ನೇ ಬರೆದಿದ್ದಾರೆ.