ಬಾಗಲಕೋಟೆಯಿಂದ ಹೊನ್ನಾವರ: ಅವ್ವ, ಹುಡುಗರ ಜೋಡಿ ಮೂರು ದಿನ ಹೆಂಗ ಹೊಂದಿಸೋದು?

ವಿದ್ಯಾಗಿರಿ, ಬಾಗಲಕೋಟೆ:
ನಮಸ್ಕಾರ್ರಿ. ಡಿಸೆಂಬರ್‌ದಾಗ ಮೂರು ದಿನ ಹೊನ್ನಾವರಕ್ಕ ಹೋಗೋ ವಿಚಾರ ಐತಿ. ಗೋಕರ್ಣ, ಮುರ್ಡೇಶ್ವರದ ಗದ್ದಲ ಬ್ಯಾಡ. ಶರಾವತಿ ದಂಡಿ, ಕಾಂಡ್ಲಾ ಕಾಡು (ಉಪ್ಪುನೀರಿನ ಕೆಸರಿನ್ಯಾಗ ಬೆಳೆಯೋ ಮ್ಯಾಂಗ್ರೋವ್), ಅಪ್ಸರಕೊಂಡದ ಕೊಳ, ಇಷ್ಟ ಸಮಾಧಾನದಿಂದ ನೋಡಿದ್ರ ಸಾಕು. ಅವ್ವಗ ಮೊಣಕಾಲ ಬ್ಯಾನಿ, ಹುಡುಗರು ಸಣ್ಣವರು. ಯಾವ ದಾರಿ ಚಲೋ? ರೈಲು ಐತೇನ್ರಿ? ಯಾವುದನ್ನ ಯಾವ ಹೊತ್ತಿನ್ಯಾಗ ನೋಡಬೇಕು?

ಗೋಳಗುಮ್ಮಟ ದಾರಿ, ವಿಜಯಪುರ:
ದಾರಿ ಹುಡುಕೋದೇ ಬ್ಯಾಡ್ರಿ. ನಮ್ಮ ವಿಜಯಪುರದ ಮ್ಯಾಲಿಂದ ಬರೋ ರಾಷ್ಟ್ರೀಯ ಹೆದ್ದಾರಿ 52 ಸೀದಾ ಅಂಕೋಲಾಕ್ಕ ಹೋಗಿ ಮುಗೀತದ. ಗದ್ದನಕೇರಿ ಕ್ರಾಸ್‌ನ್ಯಾಗ ಹತ್ತಿದ್ರ ಕೆರೂರ, ಕುಳಗೇರಿ ಕ್ರಾಸ್, ನರಗುಂದ, ನವಲಗುಂದ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ. ಅಂಕೋಲಾದ ಬಾಳೆಗುಳಿ ಕ್ರಾಸ್‌ನ್ಯಾಗ ಎಡಕ್ಕ ಹೊಳ್ಳಿ ಹೆದ್ದಾರಿ 66 ಹಿಡೀರಿ, ಕುಮಟಾ ದಾಟಿದ ಮ್ಯಾಲ ಹೊನ್ನಾವರ. ಒಟ್ಟು ಸುಮಾರು 320 ಕಿ.ಮೀ., ಹುಡುಗರಿದ್ರ ಎಂಟು ತಾಸು ಹಿಡೀರಿ. ಪೆಟ್ರೋಲ್ ಯಲ್ಲಾಪುರದಾಗ ಹಾಕಿಸ್ರಿ, ಮುಂದ ಅರಬೈಲ್ ಘಾಟ್. ಹುಡುಗರಿಗೆ ಘಾಟ್‌ಕಿಂತ ಮೊದಲ ಹೊಟ್ಟಿ ತುಂಬ ತಿನ್ನಿಸಬ್ಯಾಡ್ರಿ, ತಿರುವಿನ್ಯಾಗ ವಾಂತಿ ಆಗ್ತದ. ಇಳಿಯುವಾಗ ಬ್ರೇಕ್ ಒತ್ತಿ ಹಿಡೀದೆ ಸಣ್ಣ ಗೇರ್‌ನ್ಯಾಗ ಇಳೀರಿ. ಮಳಿಗಾಲದಾಗ ಈ ದಾರಿ ಬ್ಯಾಡ ಅಂತಿದ್ದೆ: 2024ರ ಜುಲೈದಾಗ ಶಿರೂರ ಹತ್ರ ಗುಡ್ಡ ಕುಸಿದು ಹೆದ್ದಾರಿ 66 ಬಂದಾತು. ಡಿಸೆಂಬರ್‌ದಾಗ ಆ ಚಿಂತಿ ಇಲ್ಲ.

ರೈಲಿನ ಮಾತು ಬಿಡ್ರಿ. ಹುಬ್ಬಳ್ಳಿ–ಅಂಕೋಲಾ ಮಾರ್ಗ ಆಗೇ ಇಲ್ಲ. ಮಡಗಾಂವ್ ಸುತ್ತಿ ಕೊಂಕಣ ರೈಲು ಹಿಡೀಬೇಕು. ಅವ್ವನ ಮೊಣಕಾಲಿಗೆ ಅದು ಶಿಕ್ಷೆ.

ಟಿಳಕವಾಡಿ, ಬೆಳಗಾವಿ:
ಹೊನ್ನಾವರಕ್ಕ ಹೊತ್ತು ಹೇಳೋದು ಗಡಿಯಾರ ಅಲ್ರಿ, ಉಬ್ಬರ-ಇಳಿತ. ದಿನಕ್ಕ ಎರಡು ಸಲ ನೀರು ಏರತೈತಿ, ಎರಡು ಸಲ ಇಳೀತೈತಿ, ಮತ್ತ ದಿನಾ ಸುಮಾರು 50 ನಿಮಿಷ ತಡಾ ಆಗ್ತೈತಿ. ಇವತ್ತಿನ ಹೊತ್ತು ನಾಳೆಗೆ ನಡೆಯೂದಿಲ್ಲ. ಹೊಂಡೋಕಿಂತ ಮೊದಲ ಮೂರೂ ದಿನದ ವೇಳೆ ಮೊಬೈಲ್‌ನ್ಯಾಗ ನೋಡಿ ಬರಕೋರಿ.

ಕಾಂಡ್ಲಾ ನಡಿಗೆದಾರಿ ಕಾಸರಕೋಡದಾಗ, ಶರಾವತಿ ಸೇತುವೆ ದಾಟಿದ ಮ್ಯಾಲ. ಇದನ್ನ ಇಳಿತದಾಗ ನೋಡ್ರಿ. ಆವಾಗ ಕೆಸರು ತೆರೆದು, ಊರುಗೋಲಿನಂಗ ಇಳಿಬಿದ್ದ ಬೇರು, ಕೆಸರಿನಿಂದ ಮ್ಯಾಲ ಚುಚ್ಚಿ ನಿಂತ ಉಸಿರುಬೇರು, ಏಡಿ, ಕೆಸರಿನ ಮ್ಯಾಲ ಜಿಗಿಯೋ ಮೀನು ಎಲ್ಲಾ ಕಾಣತಾವ. ಕೆಸರಿನ್ಯಾಗ ಗಾಳಿ ಇಲ್ಲದ್ದಕ್ಕ ಗಿಡಗಳು ಬೇರು ಹೊರಗ ಹಾಕಿ ಉಸಿರಾಡತಾವ. ಹುಡುಗರಿಗೆ ಇದನ್ನ ತೋರಿಸಲೇಬೇಕು. ಉಬ್ಬರದಾಗ ಹೋದ್ರ ಬರೇ ನೀರು, ಹಸಿರು ಎಲೆ. ಹಲಗಿ ದಾರಿ ಸಪಾಟ ಐತಿ, ಅವ್ವ ನಡೀಬಹುದು.

ದೋಣಿಗೆ ಮಾತ್ರ ಉಬ್ಬರದ ಹೊತ್ತು. ಇಳಿತದಾಗ ಒಳಗಿನ ಸಣ್ಣ ಕವಲಿನ್ಯಾಗ ದೋಣಿ ತಳ ಹತ್ತತೈತಿ. ಹುಡುಗರ ಅಳತೆಯ ಲೈಫ್ ಜಾಕೆಟ್ ಕೊಡದ ದೋಣಿ ಹತ್ತಲೇಬ್ಯಾಡ್ರಿ. ಅಳಿವೆ ಬಾಯಿ ಹತ್ರ ಈಜು ಬ್ಯಾಡ: ನದಿ ಹೊರಗ ತಳ್ಳತೈತಿ, ಸಮುದ್ರ ಒಳಗ ನೂಕತೈತಿ, ನಡುವ ಮರಳದಿಬ್ಬ ಜಾಗಾ ಬದಲಸ್ತಾವ. ಹುಡುಗರು ನೀರಿಗಿಳಿಬೇಕಂದ್ರ ಕಾಸರಕೋಡ ಬೀಚ್. ಅದಕ್ಕ 2020ರಾಗ ಬ್ಲೂ ಫ್ಲ್ಯಾಗ್, ಅಂದ್ರ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕೈತಿ.

ಅಪ್ಸರಕೊಂಡದಾಗ ಕೊಳಕ್ಕ ಮೆಟ್ಟಲಾ ಇಳೀಬೇಕು. ಅವ್ವನ್ನ ಮ್ಯಾಲ ಉದ್ಯಾನದಾಗ ಕೂಡಸ್ರಿ, ಸಮುದ್ರ ಅಲ್ಲಿಂದನ ಕಾಣತೈತಿ. ಒದ್ದಿ ಕಲ್ಲಿನ ಮ್ಯಾಲ ಪಾಚಿ ಇರ್ತೈತಿ, ರಬ್ಬರ್ ಹಿಡಿತದ ಚಪ್ಪಲಿ ಇರಲಿ.

ವಿದ್ಯಾಗಿರಿ, ಬಾಗಲಕೋಟೆ:
ಭಾಳ ಉಪಕಾರ ಆತ್ರಿ. ಅವ್ವಗ ರೊಟ್ಟಿ ಇಲ್ಲದ ನಡೆಯೂದಿಲ್ಲ, ಅಲ್ಲಿ ಸಿಗತಾವೇನು? ಬರುವಾಗ ಜೋಗ ಆಗಬಹುದಾ?

ಟಿಳಕವಾಡಿ, ಬೆಳಗಾವಿ:
ಅಲ್ಲಿ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಮಸಾಲಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಒಯ್ರಿ, ಆದ್ರ ಅರಿವ್ಯಾಗ ಸುತ್ತಬ್ಯಾಡ್ರಿ. ಕರಾವಳಿ ಗಾಳಿ ಹಸಿ, ಒಂದ ರಾತ್ರ್ಯಾಗ ಮೆತ್ತಗಾಗತಾವ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕು. ಅರಿವಿನೂ ಲಗೂ ಒಣಗೂದಿಲ್ಲ, ಎರಡು ಜೋಡಿ ಹೆಚ್ಚಿಗೆ ಇರಲಿ.

ಜೋಗ ಸುಮಾರು 60 ಕಿ.ಮೀ., ಗೇರುಸೊಪ್ಪಾ ಮ್ಯಾಲಿಂದ ಘಾಟ್ ಏರಿ. ಆಮ್ಯಾಲ ಸಿದ್ದಾಪುರ, ಶಿರಸಿ, ಹುಬ್ಬಳ್ಳಿ. ಡಿಸೆಂಬರ್‌ದಾಗ ಜೋಗದ ಧಾರೆ ಸಣ್ಣಗಿರ್ತಾವ, ಯಾಕಂದ್ರ ಮ್ಯಾಲಿನ ಲಿಂಗನಮಕ್ಕಿ ಕಟ್ಟೆ ವಿದ್ಯುತ್ತಿಗೆ ನೀರು ಹಿಡಿತೈತಿ. ಜಲಪಾತದ ಆಸೆ ಕಡಿಮಿ ಇದ್ರ ಆ ಹೊತ್ತನ್ನ ಗೇರುಸೊಪ್ಪದ ಚತುರ್ಮುಖ ಬಸದಿಗೆ ಕೊಡ್ರಿ. ಪಟ್ಟದಕಲ್ಲು ನೋಡಿದ ಕಣ್ಣಿಗೆ ನಾಲ್ಕೂ ದಿಕ್ಕಿಗೆ ಬಾಗಿಲಿರೋ ಆ ಗುಡಿ ಬೇರೆನೇ ಅನಸ್ತೈತಿ. ಹೋಗೋದಾದ್ರ ಮುಂಜಾನೆ ಎಂಟರೊಳಗ ಹೊನ್ನಾವರ ಬಿಡ್ರಿ, ಘಾಟ್ ದಾರಿ ಕತ್ತಲದಾಗ ಬೀಳಬಾರದು.