ರೆಸ್ಟೋರೆಂಟ್‌ಗೆ ವಿಮೆ: ಕೈ ಬಿಗಿಯಾಗಿರುವಾಗ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಹೊಸ ಒಲೆ
ಬಾಡಿಗೆ ಕಟ್ಟಡದಲ್ಲಿ ಸಣ್ಣ ರೆಸ್ಟೋರೆಂಟ್ ತೆರೆಯುತ್ತಿದ್ದೇನೆ. ಎರಡು ಪಾಲಿಸಿಗಳ ವಿವರ ಕೈಯಲ್ಲಿದೆ. ಒಂದು ಅಗ್ಗದ ಪ್ಯಾಕೇಜ್: ಬೆಂಕಿ, ಕಳವು, ಗ್ರಾಹಕರಿಗೆ ತೊಂದರೆಯಾದರೆ ಹೊಣೆಗಾರಿಕೆ, ಇಷ್ಟೇ. ಇನ್ನೊಂದರ ಪ್ರೀಮಿಯಂ ಬಹುತೇಕ ದುಪ್ಪಟ್ಟು. ಅದರಲ್ಲಿ ವ್ಯಾಪಾರ ನಿಂತಾಗಿನ ಆದಾಯ ನಷ್ಟ, ಫ್ರೀಜರ್‌ನಲ್ಲಿ ಕೆಡುವ ಸಾಮಗ್ರಿ, ಯಂತ್ರಗಳ ರಿಪೇರಿ, ಗಾಜು ಒಡೆಯುವುದು, ನಗದು ಕಳವು ಎಲ್ಲವೂ ಇವೆ. ಮೊದಲ ವರ್ಷ ಅಗ್ಗದ್ದನ್ನು ತೆಗೆದುಕೊಂಡು, ವ್ಯಾಪಾರ ಕುದುರಿದ ಮೇಲೆ ದೊಡ್ಡದಕ್ಕೆ ಹೋದರೆ ಸಾಲದೇ?

ಹಳೆಯ ಬಾಣಸಿಗ
ಸಾಕು. ಉಳಿದ ಹಣವನ್ನು ಅಡುಗೆಮನೆಗೆ ಹಾಕಿ. ರೆಸ್ಟೋರೆಂಟ್‌ಗಳನ್ನು ಸುಡುವುದು ಹೆಚ್ಚಾಗಿ ಎಣ್ಣೆ ಮತ್ತು ಒಲೆಯ ಮೇಲಿನ ಹೊಗೆಕೊಳವೆಯಲ್ಲಿ ಕೂತ ಜಿಡ್ಡು. ಉರಿಯುವ ಎಣ್ಣೆಗೆ ಯಾರಾದರೂ ಗಾಬರಿಯಲ್ಲಿ ನೀರು ಸುರಿದರೆ ಅದು ಕ್ಷಣದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಛಾವಣಿಗೆ ಎರಚುತ್ತದೆ. ಎಣ್ಣೆಯ ಬೆಂಕಿಗೆಂದೇ ಇರುವ ದ್ರವ ರಾಸಾಯನಿಕದ ನಂದಕವನ್ನು ಫ್ರೈಯರ್ ಹತ್ತಿರ ಇಡಿ. ಅದು ಎಣ್ಣೆಯ ಮೇಲ್ಮೈಯನ್ನು ಸೋಪಿನಂತಹ ಪದರವಾಗಿ ಮುಚ್ಚುತ್ತದೆ. ಕೆಲಸಗಾರರಿಗೆ ಅದನ್ನು ಬಳಸಲು ಕಲಿಸಿ. ಹೊತ್ತದೇ ಇರುವ ಬೆಂಕಿಗಿಂತ ಒಳ್ಳೆಯ ವಿಮೆ ಯಾವುದೂ ಇಲ್ಲ.

ಲೆಕ್ಕಪತ್ರ
ಬಾಣಸಿಗರೇ, ನೀವು ಹೇಳಿದ ಮುನ್ನೆಚ್ಚರಿಕೆಗಳನ್ನೆಲ್ಲ ಒಪ್ಪುತ್ತೇನೆ, ತೀರ್ಮಾನವನ್ನು ಮಾತ್ರ ಒಪ್ಪುವುದಿಲ್ಲ. ಬೆಂಕಿ ಪಕ್ಕದ ಅಂಗಡಿಯಿಂದಲೂ ಬರುತ್ತದೆ. ಬಂದ ಮೇಲೆ ಒಲೆ, ಮೇಜು, ಕುರ್ಚಿಗಳ ಬೆಲೆ ಪಾಲಿಸಿಯಿಂದ ಸಿಕ್ಕಿತು ಎನ್ನೋಣ. ದುರಸ್ತಿಗೆ ಹಲವು ತಿಂಗಳು ಬೇಕು. ಬಾಗಿಲು ಮುಚ್ಚಿದ್ದರೂ ಸಾಲದ ಕಂತು ನಿಲ್ಲುವುದಿಲ್ಲ, ಬಾಡಿಗೆಯೂ ಬಹಳ ಸಲ ನಿಲ್ಲುವುದಿಲ್ಲ. ಮುಖ್ಯ ಬಾಣಸಿಗರಿಗೆ ಸಂಬಳ ಕೊಡದಿದ್ದರೆ ಅವರು ಬೇರೆ ಕಡೆ ಹೋಗುತ್ತಾರೆ. ಹೊಸ ವ್ಯಾಪಾರಕ್ಕೆ ಕೂಡಿಟ್ಟ ಹಣವೇ ಇರುವುದಿಲ್ಲವಾದ್ದರಿಂದ ಆದಾಯ ನಷ್ಟದ ವಿಮೆ ಅದಕ್ಕೆ ಮೊದಲ ವರ್ಷವೇ ಹೆಚ್ಚು ಬೇಕು. ‘ವ್ಯಾಪಾರ ಕುದುರಿದ ಮೇಲೆ’ ಎನ್ನುವ ಲೆಕ್ಕ ಇಲ್ಲಿ ತಲೆಕೆಳಗು.

ಹಳೆಯ ಬಾಣಸಿಗ
ಆ ವಿಮೆಯ ಬೆಲೆ ಏನೆಂಬುದನ್ನು 2020ರಲ್ಲಿ ನೋಡಿದ್ದೇವೆ. ಕೋವಿಡ್‌ನಿಂದ ಜಗತ್ತಿನಾದ್ಯಂತ ರೆಸ್ಟೋರೆಂಟ್‌ಗಳು ಮುಚ್ಚಿದವು. ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿದವರಿಗೆ ಎಷ್ಟೋ ಕಂಪನಿಗಳು ‘ನಿಮ್ಮ ಕಟ್ಟಡಕ್ಕೆ ಏನೂ ಆಗಿಲ್ಲವಲ್ಲ’ ಎಂದು ಕೈ ಎತ್ತಿದವು. ಇದನ್ನು ಹೇಗೆ ಮರೆಯಲಿ?

ಲೆಕ್ಕಪತ್ರ
ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅಲ್ಲಿ ಎಲ್ಲವೂ ಷರತ್ತಿನ ಮಾತುಗಳ ಮೇಲೆ ನಿಂತಿತ್ತು. ಸಾಮಾನ್ಯವಾಗಿ ಆದಾಯ ನಷ್ಟದ ವಿಮೆ ಜಾರಿಗೆ ಬರುವುದು ಬೆಂಕಿ, ನೀರು ಮುಂತಾದವುಗಳಿಂದ ಆಸ್ತಿಗೆ ಹಾನಿಯಾದಾಗ. ಕೆಲವು ಪಾಲಿಸಿಗಳಲ್ಲಿ ಮಾತ್ರ ಸಾಂಕ್ರಾಮಿಕ ರೋಗದ ಷರತ್ತು ಪ್ರತ್ಯೇಕವಾಗಿತ್ತು. ಅಂತಹ ಪಾಲಿಸಿಗಳ ಬಗ್ಗೆ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಬಹುಪಾಲು ಪಾಲಿಸಿದಾರರ ಪರವಾಗಿಯೇ ತೀರ್ಪು ಕೊಟ್ಟಿತು. ಆ ಬಳಿಕ ಅನೇಕ ಕಂಪನಿಗಳು ಸಾಂಕ್ರಾಮಿಕವನ್ನು ಸ್ಪಷ್ಟವಾಗಿ ಹೊರಗಿಟ್ಟಿವೆ. ಆದ್ದರಿಂದ ಈ ವಿಮೆ ಸಾಂಕ್ರಾಮಿಕಕ್ಕೆ ಆಗುತ್ತದೆ ಎಂದು ನಂಬಿ ಕೊಳ್ಳಬೇಡಿ. ಬೆಂಕಿ, ನೀರಿನ ಹಾನಿಗಾಗಿ ಕೊಳ್ಳಿ.

ಕ್ಲೇಮ್ ಸರ್ವೇಯರ್
ಯಾವ ಪಾಲಿಸಿ ಎನ್ನುವುದಕ್ಕಿಂತ ಎಷ್ಟು ಮೊತ್ತಕ್ಕೆ ಎನ್ನುವುದರಲ್ಲಿ ಹೆಚ್ಚು ಜನ ಪೆಟ್ಟು ತಿನ್ನುತ್ತಾರೆ. ಪ್ರೀಮಿಯಂ ಇಳಿಸಲು ಏಜೆಂಟರು ವಿಮಾ ಮೊತ್ತವನ್ನು ಇಳಿಸಿಬಿಡುತ್ತಾರೆ. ನಿಮ್ಮ ಸಲಕರಣೆ, ಒಳಾಂಗಣ ಎಲ್ಲ ಸೇರಿ 100 ಬೆಲೆಬಾಳುತ್ತದೆ, ನೀವು 60ಕ್ಕೆ ಮಾತ್ರ ವಿಮೆ ಮಾಡಿಸಿದ್ದೀರಿ, ಬೆಂಕಿಯಲ್ಲಿ ಹೋದದ್ದು 40 ಎಂದುಕೊಳ್ಳಿ. 40 ಎಂಬುದು 60ರೊಳಗೇ ಇದೆ, ಪೂರ್ತಿ ಬರುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಪಾಲಿಸಿಯಲ್ಲಿ ಸರಾಸರಿ ಷರತ್ತು, ಅಂದರೆ ವಿಮೆ ಎಷ್ಟು ಕಡಿಮೆಯೋ ಪರಿಹಾರವನ್ನೂ ಅದೇ ಪ್ರಮಾಣದಲ್ಲಿ ಇಳಿಸುವ ಷರತ್ತು, ಇದ್ದರೆ ಕೈಗೆ ಬರುವುದು 24 ಮಾತ್ರ, ಏಕೆಂದರೆ ಬೆಲೆಯ ಶೇಕಡಾ 60ಕ್ಕಷ್ಟೇ ವಿಮೆ ಇತ್ತು. ಈ ಲೆಕ್ಕವನ್ನು ಸುಟ್ಟ ಅಡುಗೆಮನೆಯಲ್ಲಿ ನಿಂತವರಿಗೆ ವಿವರಿಸುವುದು ನನಗೆ ಎಂದೂ ಸುಲಭವಾಗಿಲ್ಲ.

ಇನ್ನೊಂದು: ಹಳೆಯ ಫ್ರೈಯರ್ ಹೋದರೆ ಹೊಸದರ ಬೆಲೆ ಕೊಡುತ್ತಾರೆಯೇ, ಸವಕಳಿ ಕಳೆದು ಕೊಡುತ್ತಾರೆಯೇ? ಬರಹದಲ್ಲಿ ಕೇಳಿ. ಬಾಣಸಿಗರು ಹೇಳಿದ ಹೊಗೆಕೊಳವೆ ಶುಚಿಗೊಳಿಸುವ ಕೆಲಸವೂ ಎಷ್ಟೋ ಪಾಲಿಸಿಗಳಲ್ಲಿ ಷರತ್ತೇ ಆಗಿರುತ್ತದೆ. ಶುಚಿ ಮಾಡಿಸಿದ ರಸೀದಿಗಳನ್ನು ರೆಸ್ಟೋರೆಂಟ್‌ನಲ್ಲೇ ಇಟ್ಟರೆ ಅವೂ ಸುಡುತ್ತವೆ, ಬೇರೆ ಕಡೆ ಒಂದು ಪ್ರತಿ ಇರಲಿ.

ಹೊಸ ಒಲೆ
ಕಟ್ಟಡಕ್ಕೆ ಮಾಲೀಕರು ವಿಮೆ ಮಾಡಿಸಿದ್ದಾರೆ. ನನಗೆ ಒಳಗಿನ ಸಾಮಾನುಗಳದ್ದು ಸಾಕಲ್ಲವೇ?

ಕರಾರು ಓದುವವಳು
ಇಲ್ಲಿ ದಯವಿಟ್ಟು ನಿಲ್ಲಿ. ಮಾಲೀಕರ ವಿಮೆ ಮಾಲೀಕರನ್ನು ಕಾಯುತ್ತದೆ. ನಿಮ್ಮ ಅಡುಗೆಮನೆಯ ನಿರ್ಲಕ್ಷ್ಯದಿಂದ ಕಟ್ಟಡ ಸುಟ್ಟರೆ ಅವರ ವಿಮಾ ಕಂಪನಿ ಅವರಿಗೆ ಹಣ ಕೊಟ್ಟು, ಅವರ ಹಕ್ಕನ್ನು ತಾನು ಪಡೆದು, ಅದೇ ಹಣವನ್ನು ನಿಮ್ಮಿಂದ ವಸೂಲು ಮಾಡಲು ಬರಬಹುದು. ಮಾಲೀಕರ ಪಾಲಿಸಿಯಲ್ಲಿ ಆ ವಸೂಲಿ ಹಕ್ಕನ್ನು ಬಿಟ್ಟುಕೊಡುವ ಮಾತು ಸೇರಿಸಲು ಕೇಳಿ, ಇಲ್ಲವೇ ಬಾಡಿಗೆದಾರನ ಹೊಣೆಯನ್ನು ನಿಮ್ಮ ಪಾಲಿಸಿಗೆ ಸೇರಿಸಿಕೊಳ್ಳಿ. ನೀವು ಹಾಕಿಸಿದ ನೆಲಹಾಸು, ಹೊಗೆಕೊಳವೆ, ಫಾಲ್ಸ್ ಸೀಲಿಂಗ್ ಇವು ಯಾರ ಪಾಲಿಗೆ ಎಂಬುದನ್ನೂ ಕರಾರಿನಲ್ಲಿ ಬರೆಸಿ. ಎರಡು ಪಾಲಿಸಿಗಳ ನಡುವಿನ ಸಂದಿಯಲ್ಲಿ ಬೀಳುವುದು ಇಂಥವೇ.

ಹೊಸ ಒಲೆ
ಇದು ನನಗೆ ಹೊಳೆದೇ ಇರಲಿಲ್ಲ. ಊಟದಿಂದ ಯಾರಿಗಾದರೂ ಕಾಯಿಲೆಯಾದರೆ?

ಕರಾರು ಓದುವವಳು
ಗ್ರಾಹಕರು ಒದ್ದೆ ನೆಲದಲ್ಲಿ ಜಾರಿ ಬೀಳುವುದು ಒಂದು ಬಗೆಯ ಹೊಣೆ, ಬಡಿಸಿದ ಆಹಾರದಿಂದ ಬರುವುದು ಇನ್ನೊಂದು. ಅಗ್ಗದ ಪ್ಯಾಕೇಜ್‌ನಲ್ಲಿ ಎರಡನೆಯದು ಇದೆಯೇ ಎಂದು ಹುಡುಕಿ. ಬಿಲ್ ಕೊಟ್ಟವರಷ್ಟೇ ಕೇಳಬಹುದು ಎಂದುಕೊಳ್ಳಬೇಡಿ. 1928ರಲ್ಲಿ ಸ್ಕಾಟ್ಲೆಂಡಿನ ಒಂದು ಕೆಫೆಯಲ್ಲಿ ಗೆಳತಿ ಕೊಡಿಸಿದ ಪಾನೀಯದ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂದು ಒಬ್ಬ ಮಹಿಳೆ ದಾವೆ ಹೂಡಿದರು. ಹಣ ಕೊಟ್ಟದ್ದು ಆಕೆಯಲ್ಲ, ತಯಾರಕನೊಡನೆ ಆಕೆಗೆ ಒಪ್ಪಂದವೇನೂ ಇರಲಿಲ್ಲ. ಆದರೂ ತಯಾರಕನಿಗೆ ಎಚ್ಚರ ವಹಿಸುವ ಕರ್ತವ್ಯ ಇದೆ ಎಂದು ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1932ರಲ್ಲಿ ಹೇಳಿತು. ಆ ವಿಚಾರ ಬೇರೆ ಅನೇಕ ದೇಶಗಳ ಕಾನೂನಿಗೂ ಹರಡಿದೆ.

ಕೆಲಸಗಾರರ ಸುಟ್ಟಗಾಯ, ಕೊಯ್ದ ಗಾಯಗಳು ಸಾರ್ವಜನಿಕ ಹೊಣೆಗಾರಿಕೆಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಅದಕ್ಕೆ ಬೇರೆಯೇ ವಿಮೆ ಬೇಕು, ಹಲವೆಡೆ ಕಾನೂನೇ ಅದನ್ನು ಕಡ್ಡಾಯ ಮಾಡಿದೆ. ಮನೆಗೆ ಊಟ ತಲುಪಿಸುವ ಹುಡುಗರ ಸ್ವಂತ ವಾಹನಗಳ ವಿಮೆಯನ್ನೂ ವಿಚಾರಿಸಿ.

ಹಳೆಯ ಬಾಣಸಿಗ
ಆದಾಯ ನಷ್ಟದ ವಿಷಯದಲ್ಲಿ ಲೆಕ್ಕಪತ್ರದವರ ಮಾತನ್ನು ಒಪ್ಪಿದರೂ ದುಪ್ಪಟ್ಟು ಪ್ರೀಮಿಯಂ ದುಪ್ಪಟ್ಟೇ. ಹೊಸಬರು ಅದನ್ನು ಎಲ್ಲಿಂದ ತರಬೇಕು?

ಲೆಕ್ಕಪತ್ರ
ಬೇಡದ್ದನ್ನು ಕಿತ್ತುಹಾಕಿ ತರಬೇಕು. ಗಾಜು ಒಡೆದರೆ ರೆಸ್ಟೋರೆಂಟ್ ಮುಚ್ಚುವುದಿಲ್ಲ. ಒಂದು ದಿನದ ನಗದು ಹೋದರೂ ಮುಚ್ಚುವುದಿಲ್ಲ. ಫ್ರೀಜರ್‌ನ ಸಾಮಗ್ರಿ ನಿಮ್ಮಲ್ಲಿ ಎಷ್ಟು ಎಂದು ನೋಡಿ. ವಾರಕ್ಕಾಗುವಷ್ಟು ತುಂಬಿಡುವವರಿಗೆ ಆ ವಿಮೆ ಬೇಕು, ದಿನವೂ ತಾಜಾ ತರುವವರಿಗೆ ಬೇಡ. ಕ್ಲೇಮ್‌ನಲ್ಲಿ ಮೊದಲು ನಾವೇ ಭರಿಸಬೇಕಾದ ಮೊತ್ತವನ್ನು ತುಸು ಹೆಚ್ಚಿಸಿಕೊಂಡರೂ ಪ್ರೀಮಿಯಂ ಇಳಿಯುತ್ತದೆ. ಹೊಣೆಗಾರಿಕೆಯ ಮಿತಿ ಮತ್ತು ಆದಾಯ ನಷ್ಟ, ಇವೆರಡನ್ನು ಮಾತ್ರ ಮುಟ್ಟಬೇಡಿ.

ಹಳೆಯ ಬಾಣಸಿಗ
ಹೀಗೆ ಬಿಡಿಬಿಡಿಯಾಗಿ ಕೊಡುತ್ತಾರೆ ಎಂದಾದರೆ ನನ್ನ ತಕರಾರು ಅರ್ಧ ಕಡಿಮೆಯಾಯಿತು. ಉಳಿದ ಅರ್ಧ ಹಾಗೆಯೇ ಇದೆ: ಬೆಂಕಿ ನಂದಿಸುವ ವ್ಯವಸ್ಥೆಯ ಹಣವನ್ನು ಪ್ರೀಮಿಯಂಗೆ ತಿರುಗಿಸುವವರನ್ನು ನಾನು ಒಪ್ಪಲಾರೆ. ಸುಟ್ಟುಕೊಂಡ ಹುಡುಗನ ಕೈಯನ್ನು ಯಾವ ಕ್ಲೇಮ್ ಕೂಡ ಮೊದಲಿನಂತೆ ಮಾಡುವುದಿಲ್ಲ.

ಹೊಸ ಒಲೆ
ಎರಡಕ್ಕೂ ಹಣ ತೆಗೆದಿಡುತ್ತೇನೆ. ಗಾಜು, ನಗದು ಎರಡನ್ನೂ ಕೈಬಿಟ್ಟು ಹೊಸ ದರ ಕೇಳುತ್ತೇನೆ. ಆದಾಯ ನಷ್ಟವನ್ನು ಎಷ್ಟು ತಿಂಗಳಿಗೆ ಕೇಳಲಿ? ಏಜೆಂಟರು ಆರು ಸಾಕು ಎನ್ನುತ್ತಿದ್ದಾರೆ.

ಕ್ಲೇಮ್ ಸರ್ವೇಯರ್
ಆರು ಕಡಿಮೆ. ಕ್ಲೇಮ್ ಇತ್ಯರ್ಥ, ಪರವಾನಗಿ, ದುರಸ್ತಿ ಇಷ್ಟರಲ್ಲೇ ಅದು ಮುಗಿಯಬಹುದು. ಬಾಗಿಲು ತೆರೆದ ದಿನವೇ ಹಳೆಯ ಗಿರಾಕಿಗಳೆಲ್ಲ ಮರಳುವುದಿಲ್ಲ, ಆ ಮಂದ ತಿಂಗಳುಗಳೂ ಅವಧಿಯೊಳಗೆ ಬರಬೇಕು. 12ಕ್ಕಿಂತ ಕಡಿಮೆ ಬೇಡ, ಸಾಧ್ಯವಾದರೆ 18 ಕೇಳಿ. ಹಾನಿಯಾದ ಎಷ್ಟು ಗಂಟೆಗಳ ಬಳಿಕ ಲೆಕ್ಕ ಶುರುವಾಗುತ್ತದೆ ಎಂದೂ ಕೇಳಿ, 48 ಅಥವಾ 72 ಗಂಟೆ ಕಾಯಿಸುವ ಪಾಲಿಸಿಗಳಿವೆ. ಅರ್ಜಿಯಲ್ಲಿ ಫ್ರೈಯರ್, ಗ್ಯಾಸ್ ಸಿಲಿಂಡರ್, ತಡರಾತ್ರಿಯ ವ್ಯಾಪಾರ, ಮದ್ಯ ಮಾರಾಟ ಯಾವುದನ್ನೂ ಮುಚ್ಚಿಡಬೇಡಿ. ಏಜೆಂಟರು ತುಂಬಿಕೊಟ್ಟ ಅರ್ಜಿಯನ್ನು ಸಹಿ ಮಾಡುವ ಮೊದಲು ನೀವೇ ಸಾಲುಸಾಲಾಗಿ ಓದಿ.